ಮನೆಯಲ್ಲೇ ಕುಡಿಯಲಿ

ಮನೆಯಲ್ಲೇ ಕುಡಿಯಲಿ ಎಂದು ಮೊದಲು ಬಾಯಿಬಿಟ್ಟವಳು ಹೆಂಡತಿಯೇ. ಇದನ್ನು ಆರಂಭದಲ್ಲೇ ಹೇಳಿಬಿಡುವುದು ಒಳ್ಳೆಯದು. ಆಮೇಲೆ ಅತ್ತೆಯ ಮೇಲೆ, ಗಂಡನ ಮೇಲೆ, ಡಿಪೋದವರ ಮೇಲೆ ಅವಳು ಎಷ್ಟು ಕೂಗಾಡಿದರೂ ಆ ಮಾತು ಅವಳದೇ, ಆ ಉಪಾಯವೂ ಅವಳದೇ. ಅದು ಅವಳಿಗೂ ಗೊತ್ತು.

ಬೀದಿಯವರು ಅವಳನ್ನು ಬೇಕರಿ ಅಕ್ಕ ಎನ್ನುತ್ತಿದ್ದರು. ಬ್ರೆಡ್ಡು ಮಾಡುವ ದೊಡ್ಡ ಬೇಕರಿಯಲ್ಲಿ ಹಿಟ್ಟು ನಾದುವ ಯಂತ್ರದ ಮುಂದೆ ನಿಂತು ನಿಂತೇ ಅವಳ ವಯಸ್ಸು ಕಳೆದಿತ್ತು. ಎಷ್ಟು ತೊಳೆದರೂ ಕಿವಿಯ ಹಿಂದೆ ಒಂದಿಷ್ಟು ಹಿಟ್ಟು ಉಳಿದೇ ಇರುತ್ತಿತ್ತು. ಗಂಡ ನಗರ ಬಸ್ಸಿನ ಡ್ರೈವರ್. ಸ್ಟೀರಿಂಗ್ ಹಿಡಿದು ಕೂತರೆ ಅವನಂಥ ಸಂಭಾವಿತ ಇನ್ನೊಬ್ಬನಿಲ್ಲ. ಕೆಲಸ ಮುಗಿಸಿ ಇಳಿದರೆ ಮಾತ್ರ ಕಾಲು ತಾನಾಗಿ ಮದ್ಯದಂಗಡಿಯ ಕಡೆ ತಿರುಗುತ್ತಿತ್ತು. ಹಿಂದಿನ ದಿನದ ಅಮಲು ಇಳಿಯದೆಯೇ ಬೆಳಗ್ಗೆ ಡಿಪೋಕ್ಕೆ ಹೋಗಿ ಒಮ್ಮೆ ಸಿಕ್ಕಿಬಿದ್ದಿದ್ದ. ಒಂದು ತಿಂಗಳು ಮನೆಯಲ್ಲಿ ಕೂರಿಸಿ, ಕೈಕಾಲು ಹಿಡಿದ ಮೇಲೆ ವಾಪಸು ತೆಗೆದುಕೊಂಡಿದ್ದರು. ಇನ್ನು ದಿನಾ ಬೆಳಗ್ಗೆ ಬಸ್ ಹತ್ತುವ ಮುಂಚೆ ಅಧಿಕಾರಿಯ ಎದುರು ಯಂತ್ರಕ್ಕೆ ಊದಬೇಕು. ಇನ್ನೊಂದು ಸಲ ಯಂತ್ರ ಕೆಂಪು ದೀಪ ತೋರಿಸಿದರೆ ಕೆಲಸ ಹೋಯಿತು, ಮತ್ತೆ ಮಾತಿಲ್ಲ.

ಕೆಲಸ ಹೋದರೆ ಸಂಬಳವೊಂದೇ ಹೋಗುವುದಾಗಿದ್ದರೆ ಅಕ್ಕ ಇಷ್ಟು ಹೆದರುತ್ತಿರಲಿಲ್ಲ. ಅವಳ ಮಗಳು ಗುಬ್ಬಿಗೆ ನರ್ಸಿಂಗ್ ಶಾಲೆಯಲ್ಲಿ ಸೀಟು ಸಿಕ್ಕಿತ್ತು. ಡಿಪೋ ನೌಕರರ ಮಕ್ಕಳ ಫೀಸನ್ನು ಡಿಪೋದವರೇ ಕಟ್ಟುತ್ತಾರೆ. ಅಪ್ಪ ಡ್ರೈವರ್ ಆಗಿ ಇರುವವರೆಗೆ ಮಗಳು ಓದುತ್ತಾಳೆ, ಇಷ್ಟೇ ವಿಷಯ. ಗುಬ್ಬಿ ಆಗಲೇ ಬಿಳಿ ಷೂ ಕೊಂಡು, ಕಾಗದದಲ್ಲಿ ಸುತ್ತಿ ಮಂಚದ ಕೆಳಗೆ ಇಟ್ಟುಕೊಂಡಿದ್ದಳು.

ಡ್ರೈವರ್ ಕುಡಿತ ಬಿಡಲು ನೋಡಿದ. ಸುಳ್ಳು ಹೇಳಬಾರದು, ನಿಜವಾಗಿಯೂ ನೋಡಿದ. ವಾರ ಕಳೆಯುವಷ್ಟರಲ್ಲಿ ಕೈ ನಡುಗಿ ಟೀ ಲೋಟ ತುಟಿಗೆ ತರಲಾಗದೆ ಒದ್ದಾಡಿದ. ಆ ಕೈಯಲ್ಲಿ ಬಸ್ಸು ಹೇಗೆ ತಿರುಗಿಸುತ್ತಾನೆಂದು ಅಕ್ಕನಿಗೆ ದಿಗಿಲಾಯಿತು. ಆಗಲೇ ಒಂದು ಸಂಜೆ ಎಲ್ಲರೂ ಊಟಕ್ಕೆ ಕೂತಾಗ ಅವಳು ಆ ಮಾತು ತೆಗೆದಳು.

"ರೀ, ಒಂದು ಮಾತು ಹೇಳ್ತೀನಿ. ಕೂಗಾಡಬೇಡಿ."

"ನಾನೆಲ್ಲಿ ಕೂಗಾಡ್ದೆ? ಕೂಗಾಡೋಳು ನೀನು."

"ಪೂರ್ತಿ ಬಿಡೋಕೆ ನಿಮ್ಮ ಕೈಲಿ ಆಗಲ್ಲ. ಹೊರಗೆ ಹೋದ್ರೆ ಒಂದಕ್ಕೆ ನಿಲ್ಸೋಕೂ ಆಗಲ್ಲ. ಮನೇಲೇ ಕುಡೀರಿ. ನಾನೇ ಮಾಡಿಕೊಡ್ತೀನಿ."

ಅಜ್ಜಿ, ಎಂದರೆ ಡ್ರೈವರನ ತಾಯಿ, ಆಲೂಗಡ್ಡೆ ಕಿವುಚುವುದನ್ನು ನಿಲ್ಲಿಸಿ ತಲೆಯೆತ್ತಿದಳು. "ಏನು ಮಾಡಿಕೊಡ್ತೀಯೇ?"

"ವೈನು. ಹಣ್ಣಿನ ರಸಕ್ಕೆ ಈಸ್ಟ್ ಹಾಕಿಟ್ರೆ ಆಗತ್ತಂತೆ. ಬೇಕರೀಲಿ ಒಲೆ ಮೇಸ್ತ್ರಿ ಮನೇಲಿ ಮಾಡ್ಕೋತಾರೆ. ಸಕ್ಕರೆ ಕಮ್ಮಿ ಹಾಕಿದ್ರೆ ಅಮಲೂ ಕಮ್ಮಿ. ಬೆಳಗಾಗೋ ಹೊತ್ತಿಗೆ ಎಲ್ಲ ಇಳಿದಿರತ್ತೆ."

"ಚೆನ್ನಾಗಿದೆ ಕಣಮ್ಮ! ಮನೆ ಸೊಸೆ ಗಂಡನಿಗೆ ಹೆಂಡ ಕಾಯಿಸ್ತಾಳಂತೆ. ನಿಮ್ಮಪ್ಪ ಇದನ್ನೇ ಕಲಿಸಿ ಕಳಿಸಿದ್ನಾ?"

"ನಮ್ಮಪ್ಪನ ಸುದ್ದಿ ಬೇಡ ಅತ್ತೆ. ನಿಮ್ಮ ಮಗನ್ನ ಕೇಳಿ."

ಎಲ್ಲರೂ ಡ್ರೈವರನ ಮುಖ ನೋಡಿದರು. ಅವನು ಬ್ರೆಡ್ಡಿನ ಚೂರನ್ನು ತಟ್ಟೆಯ ಸುತ್ತ ತಿರುಗಿಸುತ್ತ, "ರುಚಿಯಾಗಿರತ್ತಾ?" ಎಂದು ಕೇಳಿದ. ಗುಬ್ಬಿ ಫಕ್ಕನೆ ನಕ್ಕುಬಿಟ್ಟಳು. ಆ ನಗುವಿನಲ್ಲೇ ಎಲ್ಲ ತೀರ್ಮಾನವಾದಂತಾಯಿತು.

ಮಾರನೆಯ ದಿನ ಅಕ್ಕ, ಗುಬ್ಬಿ ಇಬ್ಬರೂ ಸೂಪರ್ ಮಾರ್ಕೆಟ್ಟಿಗೆ ಹೋದರು. ಹಣ್ಣಿನ ರಸದ ರಟ್ಟಿನ ಡಬ್ಬಿಗಳು ಒಂದು ಗೋಡೆಯುದ್ದಕ್ಕೂ ಇದ್ದವು. ಅಕ್ಕ ಎಲ್ಲಕ್ಕಿಂತ ಕೆಳಗಿನ ಸಾಲಿಗೆ ಬಗ್ಗಿ ಎಲ್ಲಕ್ಕಿಂತ ಅಗ್ಗದ ಕಿತ್ತಳೆ ರಸ ಆರಿಸಿದಳು. ಮನೆಗೆ ಬಂದು ಕುಡಿಯುವ ನೀರಿನ ದೊಡ್ಡ ಕ್ಯಾನನ್ನು ಬಿಸಿನೀರಲ್ಲಿ ತೊಳೆದು ರಸ ಸುರಿದಳು, ಅಳೆದು ಸಕ್ಕರೆ ಹಾಕಿದಳು, ಬೇಕರಿಯಲ್ಲಿ ಕೇಳಿ ತಂದಿದ್ದ ಈಸ್ಟನ್ನು ಉಗುರು ಬೆಚ್ಚಗಿನ ನೀರಲ್ಲಿ ಕದಡಿ ಬೆರೆಸಿದಳು. ಕ್ಯಾನಿನ ಬಾಯಿಗೆ ಒಂದು ಬಲೂನು ಸಿಕ್ಕಿಸಿ, ಗಾಳಿ ಹೊರಹೋಗಲಿ ಎಂದು ಸೂಜಿಯಿಂದ ಅದಕ್ಕೊಂದು ತೂತು ಚುಚ್ಚಿದಳು. ಅಡುಗೆಮನೆಯ ಮೂಲೆಯಲ್ಲಿ ಹಳೇ ಕಂಬಳಿ ಹೊದಿಸಿ ಕೂರಿಸಿದಳು. ಮಗು ಮಲಗಿಸಿದ ಹಾಗೆ ಎಲ್ಲರೂ ಅದರ ಪಕ್ಕದಲ್ಲಿ ಮೆಲ್ಲಗೆ ಓಡಾಡಿದರು.

ಬಲೂನು ಏಳಲೇ ಇಲ್ಲ. ಒಂದು ದಿನ ನೋಡಿದರು, ಎರಡು ದಿನ ನೋಡಿದರು, ಬಲೂನು ಬೆಕ್ಕಿನ ನಾಲಗೆಯಂತೆ ಜೋತುಬಿದ್ದೇ ಇತ್ತು.

"ಈಸ್ಟಿಗೂ ನಮ್ಮ ಮನೆ ಹಣೆಬರಹ ಗೊತ್ತಾಗಿದೆ," ಎಂದಳು ಅಜ್ಜಿ.

ಬೇಕರಿಯ ಒಲೆ ಮೇಸ್ತ್ರಿ ವಿಷಯ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕ. "ಅಲ್ಲ ಅಕ್ಕ, ವರ್ಷಗಟ್ಟಲೆ ಕೆಡಬಾರದು ಅಂತ ಔಷಧಿ ಹಾಕಿರೋ ರಸ ಅದು. ಅದರಲ್ಲಿ ಈಸ್ಟ್ ಎಲ್ಲಿ ಬದುಕತ್ತೆ? ಡಬ್ಬಿ ಹಿಂದೆ ಓದಿ ತಗೋಬೇಕು. ಬರೀ ಹಣ್ಣಿನ ರಸ ಅಂತಿದ್ರೆ ಮಾತ್ರ ತಗೊಳ್ಳಿ. ಸೇಬು ಅಥವಾ ದ್ರಾಕ್ಷಿ ಆದ್ರೆ ಒಳ್ಳೇದು."

ಆ ಕಿತ್ತಳೆ ರಸವನ್ನು ಎಸೆಯಲು ಮನಸ್ಸಾಗದೆ ಮನೆಯವರೆಲ್ಲ ವಾರವಿಡೀ ಅದನ್ನೇ ಕುಡಿದರು. ಈಸ್ಟಿನ ವಾಸನೆಗೆ ಗುಬ್ಬಿ ಮೂಗು ಮುಚ್ಚಿಕೊಂಡು ಕುಡಿದಳು.

ಎರಡನೇ ಸಲ ಸೇಬಿನ ರಸ, ಅದಕ್ಕೆ ಒಂದಿಷ್ಟು ದ್ರಾಕ್ಷಿ ರಸ. ಮಾರನೆಯ ಬೆಳಗ್ಗೆಯೇ ಬಲೂನು ನೆಟ್ಟಗೆ ನಿಂತಿತ್ತು. ಕ್ಯಾನಿಗೆ ಕಿವಿಯಿಟ್ಟರೆ ಒಳಗೆ ಸುಯ್ಯೆಂಬ ಸದ್ದು. ಡ್ರೈವರ್ ಕೆಲಸಕ್ಕೆ ಹೊರಡುವ ಮುಂಚೆ ಮಂಡಿಯೂರಿ ಅದಕ್ಕೆ ಕಿವಿಯಿಟ್ಟ. ಗುಬ್ಬಿ ಹುಟ್ಟುವ ಮುಂಚೆ ಅಕ್ಕನ ಹೊಟ್ಟೆಗೂ ಹೀಗೇ ಕಿವಿಯಿಟ್ಟಿದ್ದ. ಅಕ್ಕನಿಗೆ ಅದು ನೆನಪಾಗಿ ಸಿಟ್ಟೂ ಬಂತು, ಅಳುವೂ ಬಂತು.

ಗುಳ್ಳೆಗಳು ನಿಂತು ಗಸಿ ತಳಕ್ಕೆ ಕೂತ ಮೇಲೆ ತಿಳಿಯನ್ನು ಸಣ್ಣ ಪೈಪಿನಿಂದ ಇನ್ನೊಂದು ಕ್ಯಾನಿಗೆ ಎಳೆದಳು. ನಿಯಮವೂ ಆಯಿತು. ಸಂಜೆ ಊಟದ ಜೊತೆಗೆ ದೊಡ್ಡ ಲೋಟದಲ್ಲಿ ಎರಡು ಲೋಟ, ಅಕ್ಕನ ಕೈಯಿಂದಲೇ. ಆಮೇಲೆ ಕೇಳುವಂತಿಲ್ಲ. ಕೇಳಿದರೆ ಕೊಡುವಂತಿಲ್ಲ. ಒಂದು ಕ್ಯಾನು ಕುಡಿಯುತ್ತಿರುವಾಗ ಇನ್ನೊಂದು ಮೂಲೆಯಲ್ಲಿ ಹುದುಗುತ್ತಿರಬೇಕು.

ಮೊದಲ ಗುಟುಕಿಗೆ ಡ್ರೈವರ್ ಮುಖ ಹಿಂಡಿದ. "ಥೂ, ಹುಳಿ. ಅಮಲೇ ಇಲ್ವಲ್ಲೇ ಇದರಲ್ಲಿ."

"ಇರಬಾರದು ಅಂತಲೇ ಮಾಡಿರೋದು. ಕುಡೀರಿ."

"ಇದನ್ನ ಕುಡಿಯೋ ಬದಲು ವಿನೆಗರ್ ಕುಡೀಬಹುದು."

"ನಾಳೆಯಿಂದ ಅದನ್ನೇ ಕೊಡ್ತೀನಿ."

ಗೊಣಗುತ್ತಲೇ ಕುಡಿದ. ಬೆಳಗ್ಗೆ ಡಿಪೋದಲ್ಲಿ ಊದಿದ. ಹಸಿರು ದೀಪ. ಮಧ್ಯಾಹ್ನ ಬೇಕರಿಯ ಫೋನಿಗೆ ಕರೆಮಾಡಿ, "ಹಸಿರು ಕಣೇ," ಎಂದಷ್ಟೇ ಹೇಳಿ ಇಟ್ಟ. ಅಕ್ಕ ಆ ದಿನ ನಾದಿದ ಹಿಟ್ಟು ಹತ್ತಿಯಂತೆ ಉಬ್ಬಿತೆಂದು ಒಲೆ ಮೇಸ್ತ್ರಿ ಹೊಗಳಿದ.

ಆದರೆ ಗೊಣಗಾಟ ನಿಲ್ಲಲಿಲ್ಲ. ದಿನಾ ಊಟದ ಹೊತ್ತಿಗೆ ಅದೇ ಹಿಂಡಿದ ಮುಖ, ಅದೇ ಮಾತು. ಕೆಲಸ ಮುಗಿಸಿ ಬಂದವನು ಬಾಗಿಲಲ್ಲೇ ನಿಂತು ಬೀದಿಯ ಕೊನೆಯ ಕಡೆ ನೋಡುತ್ತಿದ್ದ. ಅಜ್ಜಿಗೆ ಅದು ಕಾಣುತ್ತಿತ್ತು. ಮೊದಲು ಬೈದವಳೇ ಈಗ ಕ್ಯಾನುಗಳ ಕಾವಲುಗಾರ್ತಿಯಾಗಿದ್ದಳು. ಸೊಸೆ ಬೇಕರಿಗೆ, ಮಗ ಡಿಪೋಕ್ಕೆ, ಮೊಮ್ಮಗಳು ಹೊರಗೆ. ಹಗಲೆಲ್ಲ ಮನೆಯಲ್ಲಿ ಅವಳೂ ಕ್ಯಾನೂ ಇಬ್ಬರೇ. ಕಂಬಳಿ ಸರಿಮಾಡುವಳು, ಬಲೂನು ಮುಟ್ಟಿ ನೋಡುವಳು. "ಇವತ್ತು ಸ್ವಲ್ಪ ಮಂಕಾಗಿದಾನೆ," ಎಂದು ಸಂಜೆ ವರದಿ ಒಪ್ಪಿಸುವಳು.

ಮೂರನೇ ಕ್ಯಾನು ತೆಗೆದ ವಾರದಿಂದ ಮನೆಯ ಗಾಳಿಯೇ ಬದಲಾಯಿತು. ಡ್ರೈವರ್ ಗೊಣಗುವುದನ್ನು ನಿಲ್ಲಿಸಿದ. ಲೋಟ ಖಾಲಿ ಮಾಡಿ ತುಟಿ ಒರೆಸಿಕೊಂಡು, "ಕೈ ಕುದುರಿದೆ ನಿಂದು," ಎಂದ. ಊಟವಾದ ಮೇಲೆ ಎದ್ದು ಹೋಗದೆ ಕೂತು, ಬಸ್ಸಿನಲ್ಲಿ ನಿದ್ದೆಹೋಗಿ ಮೂರು ಸುತ್ತು ಹಾಕಿದ ಮುದುಕನ ಕಥೆ ಹೇಳಿದ. ಗುಬ್ಬಿಯ ಮಣಿಕಟ್ಟು ಹಿಡಿದು, "ಎಲ್ಲಿ, ನರ್ಸಮ್ಮ, ನಾಡಿ ನೋಡೋದು ಹೇಗೆ ಹೇಳಿಕೊಡು," ಎಂದು ಅವಳನ್ನು ರೇಗಿಸಿದ. ಅಕ್ಕ ಪಾತ್ರೆ ತೊಳೆಯುತ್ತ ಎಲ್ಲ ಕೇಳಿಸಿಕೊಂಡಳು. ಇಂಥ ಸಂಜೆಗಳು ಈ ಮನೆಗೂ ಉಂಟು ಎನ್ನುವುದು ಅವಳಿಗೆ ಮರೆತೇಹೋಗಿತ್ತು. ತನ್ನ ಬುದ್ಧಿಗೆ ತಾನೇ ಬೆನ್ನು ತಟ್ಟಿಕೊಂಡಳು. ಪಾಪ, ತಟ್ಟಿಕೊಳ್ಳಲಿ ಬಿಡಿ. ಅವಳಿಗೆ ಅಂಥ ಸುಖ ಎಷ್ಟು ಸಲ ಸಿಕ್ಕಿತ್ತು?

ಒಂದೇ ಒಂದು ಕಿರಿಕಿರಿಯೆಂದರೆ ಸಕ್ಕರೆ ಡಬ್ಬ ಬೇಗ ಬೇಗ ಖಾಲಿಯಾಗುತ್ತಿತ್ತು.

"ಗುಬ್ಬಿ, ಟೀಗೆ ಎಷ್ಟು ಸಕ್ಕರೆ ಸುರ್ಕೋತೀಯೇ?"

"ನಾನು ಸಕ್ಕರೆ ಬಿಟ್ಟು ತಿಂಗಳಾಯ್ತಮ್ಮ."

"ಹಾಗಾದ್ರೆ ಇರುವೆ ತಿಂತಾ?"

ಅಜ್ಜಿ ಆ ಹೊತ್ತಿಗೆ ಸರಿಯಾಗಿ ಕೆಮ್ಮುತ್ತ ಎದ್ದು ಬಚ್ಚಲಿಗೆ ಹೋದಳು. ಅಕ್ಕ ಗಮನಿಸಲಿಲ್ಲ.

ನರ್ಸಿಂಗ್ ಶಾಲೆ ಶುರುವಾಗಲು ಇನ್ನು ಒಂಬತ್ತು ದಿನ ಇರುವಾಗ ಡ್ರೈವರ್ ಬೆಳಗ್ಗೆ ಹೋದವನು ಬಿಸಿಲು ಏರುವ ಮುಂಚೆಯೇ ಮನೆಗೆ ಬಂದ. ಅಕ್ಕನಿಗೆ ಅಂದು ರಜೆ. ಅವಳು ಬಟ್ಟೆ ಒಣಹಾಕುತ್ತಿದ್ದಳು. ಅವನ ಕೈಯಲ್ಲಿ ಊಟದ ಡಬ್ಬಿ ಬಿಚ್ಚದೆ ಹಾಗೇ ಇತ್ತು.

"ಯಾಕ್ರೀ? ಬಸ್ ಕೆಟ್ಟಿತಾ?"

"ಕೆಂಪು."

"ಏನು ಕೆಂಪು?"

"ಕೆಂಪು ಅಂದ್ನಲ್ಲ! ಎರಡು ಸಲ ಊದಿಸಿದ್ರು. ಎರಡು ಸಲಾನೂ ಕೆಂಪು."

ಅಕ್ಕ ಒದ್ದೆ ಬಟ್ಟೆ ಹಿಡಿದುಕೊಂಡೇ ಒಳಗೆ ಬಂದಳು. "ಹೊರಗೆ ಕುಡಿದಿದ್ರಿ. ಹೇಳಿ, ನಿಜ ಹೇಳಿ. ಎಲ್ಲಿ ಕುಡಿದ್ರಿ?"

"ಇಲ್ಲ ಕಣೇ. ಮಗಳಾಣೆ ಇಲ್ಲ."

"ಮಗಳ ಮೇಲೆ ಆಣೆ ಇಡಬೇಡಿ! ನಾನು ಕೊಡೋ ಎರಡು ಲೋಟಕ್ಕೆ ಕೆಂಪು ಬರತ್ತಾ? ಅದು ರಸ, ಬರೀ ರಸ. ನಾನೇ ಅಳೆದು ಸಕ್ಕರೆ ಹಾಕಿದೀನಿ."

ಕೋಣೆಯ ಮೂಲೆಯಲ್ಲಿ ತರಕಾರಿ ಹೆಚ್ಚುತ್ತಿದ್ದ ಅಜ್ಜಿಯ ಚಾಕು ನಿಂತಿತ್ತು. ಅವಳು ಸೆರಗಿನಿಂದ ಬಾಯಿ ಒತ್ತಿಕೊಂಡಿದ್ದಳು.

"ಅತ್ತೆ?"

"ಹುಳಿ ಹುಳಿ ಅಂತಿದ್ದ ಮಗು," ಎಂದಳು ಅಜ್ಜಿ. "ದಿನಾ ಮುಖ ಹಿಂಡ್ಕೊಂಡು ಕುಡೀತಿದ್ದ. ನೋಡೋಕಾಗಲಿಲ್ಲ. ಹಗಲು ಒಂದೊಂದು ಬಟ್ಟಲು ಸಕ್ಕರೆ ಹಾಕಿ ಅಲ್ಲಾಡಿಸ್ತಿದ್ದೆ. ಸಿಹಿಯಾಗ್ಲಿ ಅಂತ. ಎಷ್ಟು ಹಾಕಿದ್ರೂ ಮೂರು ದಿನಕ್ಕೆ ಸಿಹಿ ಹೋಗಿಬಿಡ್ತಿತ್ತು, ಮತ್ತೆ ಹಾಕ್ತಿದ್ದೆ."

"ಹುದುಗೋ ಕ್ಯಾನಿಗಾ?"

"ಮತ್ತೆ ಯಾವುದಕ್ಕೆ? ಮೂಲೇಲಿರೋದಕ್ಕೆ. ಸಕ್ಕರೆ ತಾನೇ ಹಾಕಿದ್ದು, ವಿಷ ಹಾಕಿದ್ನಾ?"

ಅಕ್ಕ ಅಲ್ಲೇ ಕೂತಳು. ಹಿಟ್ಟಿಗೆ ಸಕ್ಕರೆ ಹಾಕಿದರೆ ಈಸ್ಟ್ ಅದನ್ನು ತಿಂದು ಕುಣಿಯುತ್ತದೆ ಎನ್ನುವುದು ಅವಳ ಹೊಟ್ಟೆಪಾಡಿನ ವಿದ್ಯೆ. ಸಿಹಿ ಹೋಗಿದ್ದು ಎಲ್ಲಿಗೆ ಎಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅಜ್ಜಿ ಸುರಿದ ಒಂದೊಂದು ಬಟ್ಟಲೂ ಅಮಲಾಗಿ ಲೋಟಕ್ಕೆ ಬಂದಿತ್ತು. ತಾನು ಸಂಭ್ರಮಪಟ್ಟ ಆ ಸಂಜೆಗಳು, ಆ ಮುದುಕನ ಕಥೆ, ನಾಡಿ ಹಿಡಿದದ್ದು, ಎಲ್ಲವೂ ಅದರದೇ.

ಆಮೇಲೆ ಅವಳ ತಲೆಗೆ ಇನ್ನೊಂದು ವಿಷಯ ಹೊಳೆಯಿತು. ಮೆಲ್ಲಗೆ ಗಂಡನ ಕಡೆ ತಿರುಗಿದಳು.

"ನಾನು ಒಂದು ತೊಟ್ಟೂ ಬಾಯಿಗೆ ಹಾಕ್ದೋಳಲ್ಲ. ಅತ್ತೆಗೆ ಗೊತ್ತಾಗಲ್ಲ. ನಿಮಗೆ? ಇಷ್ಟು ವರ್ಷ ಕುಡಿದೋರು ನೀವು. ನಿಮಗೆ ಗೊತ್ತಾಗಲಿಲ್ವಾ?"

ಡ್ರೈವರ್ ಊಟದ ಡಬ್ಬಿಯ ಹಿಡಿಯನ್ನು ಎತ್ತಿದ, ಇಳಿಸಿದ.

"ರೀ, ನಿಮ್ಮನ್ನೇ ಕೇಳ್ತಿರೋದು."

"ಗೊತ್ತಾಗ್ತಿತ್ತು."

"ಯಾವತ್ತಿಂದ?"

"ಮೂರನೇ ಕ್ಯಾನಿನ ಮೊದಲನೇ ಗುಟುಕಿಂದ."

"ಒಂದು ಮಾತು ಹೇಳಬಾರದಿತ್ತಾ?"

"ಹೇಳಿದ್ರೆ ನೀನು ಮತ್ತೆ ಆ ಹುಳಿ ನೀರೇ ಕೊಡ್ತಿದ್ದೆ." ಅವನ ಧ್ವನಿಯಲ್ಲಿ ಜಗಳ ಇರಲಿಲ್ಲ. "ದಿನಾ ಬೆಳಗ್ಗೆ ಊದುವಾಗ ಜೀವ ಬಾಯಿಗೆ ಬರ್ತಿತ್ತು. ಹಸಿರು ಬಂದ್ರೆ, ಸರಿ, ಇವತ್ತೊಂದು ದಿನ ನಡೀತು ಅಂತ ಅಂದ್ಕೋತಿದ್ದೆ. ಸಂಜೆ ಆದ್ರೆ ಬೇಕು ಅನ್ನಿಸ್ತಿತ್ತು. ಅಷ್ಟೇ ಕಣೇ. ಬೇರೆ ಏನೂ ಇಲ್ಲ."

ಬಾಗಿಲಲ್ಲಿ ಗುಬ್ಬಿ ನಿಂತಿದ್ದಳು. ಯಾವಾಗ ಬಂದಳೋ ಯಾರೂ ನೋಡಿರಲಿಲ್ಲ. ಒಳಗೆ ಹೋಗಿ ಹಾಸಿಗೆಯ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟಳು. ಅಕ್ಕ ಎದ್ದು ಎರಡೂ ಕ್ಯಾನುಗಳನ್ನು ಬಚ್ಚಲಿಗೆ ಎಳೆದುಕೊಂಡು ಹೋಗಿ ಬುಡಮೇಲು ಮಾಡಿದಳು. ಮನೆತುಂಬ ಸೇಬಿನ ವಾಸನೆ ಹರಡಿತು. ಡ್ರೈವರ್ ತಡೆಯಲಿಲ್ಲ. ಅಜ್ಜಿ ಮಾತ್ರ, "ಅಯ್ಯೋ, ಅಷ್ಟು ಸಕ್ಕರೆ," ಎಂದು ಗೋಳಾಡಿದಳು. ಅದಕ್ಕೆ ಅಕ್ಕ ಏನೆಂದಳು ಎನ್ನುವುದನ್ನು ಇಲ್ಲಿ ಬರೆಯುವುದು ಬೇಡ. ಸೊಸೆಯಾದವಳು ಆಡುವ ಮಾತಲ್ಲ ಅದು. ಬೀದಿಗೆಲ್ಲ ಕೇಳಿಸಿತು.

ಅಕ್ಕ ಡಿಪೋಕ್ಕೆ ಹೋಗಿ ಅಧಿಕಾರಿಯ ಮೇಜಿನ ಮುಂದೆ ನಿಂತಳು. ಅವರು ಕೆಟ್ಟವರಲ್ಲ, ಕುರ್ಚಿ ಕೊಟ್ಟರು.

"ಅಮ್ಮ, ಬಸ್ ತುಂಬ ಜನ ಕೂತಿರ್ತಾರೆ. ನೀವಾದ್ರೆ ನಿಮ್ಮ ಮಗಳನ್ನ ಆ ಬಸ್ಸಿಗೆ ಹತ್ತಿಸ್ತೀರಾ?"

ಅಕ್ಕ ಕುರ್ಚಿಯಿಂದ ಎದ್ದು ಬಂದಳು. ನರ್ಸಿಂಗ್ ಶಾಲೆಯಲ್ಲಿ, ಫೀಸು ಕಟ್ಟಲು ಯಾರೂ ಇಲ್ಲದಿದ್ದರೆ ಸೀಟು ಮುಂದಿನವರಿಗೆ ಹೋಗುತ್ತದೆ ಎಂದರು. ಹೋಯಿತು.

ಈಗ ಹೊಸ ದಿನಚರಿ ಶುರುವಾಯಿತು. ಡ್ರೈವರಿಗೆ ಬೆಳಗ್ಗೆ ಏಳುವ ಕಾರಣವಿರಲಿಲ್ಲ, ಯಾವ ಯಂತ್ರಕ್ಕೂ ಊದಬೇಕಾಗಿರಲಿಲ್ಲ. ಮನೆಯಲ್ಲಿ ಕ್ಯಾನು ಇಲ್ಲದ್ದರಿಂದ ಹೊರಗೆ ಹೊರಟ. ದುಡ್ಡು ಇಲ್ಲದೆ ಹೇಗೆ ಕುಡಿಯುತ್ತಾನೆಂದು ಅಕ್ಕನಿಗೆ ಅರ್ಥವಾಗಲಿಲ್ಲ. ಆಮೇಲೆ ಇಸ್ತ್ರಿಪೆಟ್ಟಿಗೆ ಕಾಣೆಯಾದಾಗ ಅರ್ಥವಾಯಿತು. ಒಂದು ಸಂಜೆ ಪಕ್ಕದ ಮನೆಯವರು ಅವನನ್ನು ಚರಂಡಿಯ ಪಕ್ಕದಿಂದ ಎತ್ತಿ ತಂದರು. ಹಣೆ ಒಡೆದಿತ್ತು. ಗುಬ್ಬಿ ಗಾಯ ತೊಳೆದು ಪಟ್ಟಿ ಕಟ್ಟಿದಳು. ಪಟ್ಟಿ ಎಷ್ಟು ಅಚ್ಚುಕಟ್ಟಾಗಿತ್ತೆಂದರೆ ಅಕ್ಕ ಅದನ್ನು ನೋಡಲಾರದೆ ಹೊರಗೆ ಹೋದಳು.

ಅಜ್ಜಿ ಊಟ ಬಿಟ್ಟಳು. ನೀರು ಕುಡಿಯುವಳು, ಕೊಟ್ಟರೆ ಬ್ರೆಡ್ಡಿನ ಅಂಚು ಮುರಿದು ಬಾಯಿಗೆ ಹಾಕಿಕೊಳ್ಳುವಳು. ಒಂದು ದಿನ ಸೊಸೆಯ ಕೈ ಹಿಡಿದುಕೊಂಡಳು.

"ಮತ್ತೆ ಮಾಡಿಡು ಕಣೆ. ಮನೇಲೇ ಕುಡೀಲಿ."

"ಆ ಮಾತು ಆಡಬೇಡಿ ಅತ್ತೆ."

"ನಾನು ಮುಟ್ಟಲ್ಲ. ದೇವರಾಣೆ ಮುಟ್ಟಲ್ಲ. ಬೀದೀಲಿ ಬಿದ್ದು ಸಾಯೋದಕ್ಕಿಂತ ನಮ್ಮ ಕಣ್ಣೆದುರಿಗೆ ಇರ್ಲಿ. ಅದಕ್ಕಿಂತ ಹೆಚ್ಚು ಏನೂ ಕೇಳ್ತಿಲ್ಲ ನಾನು."

ಅಕ್ಕ ಕೈ ಬಿಡಿಸಿಕೊಂಡಳು. ಆದರೆ ಆ ಮಾತು ಅವಳನ್ನು ಬಿಡಲಿಲ್ಲ. ಉಳಿಸಿಕೊಳ್ಳಲು ಏನಾದರೂ ಇದ್ದಾಗ ಅದೊಂದು ಉಪಾಯವಾಗಿತ್ತು. ಈಗ ಉಳಿಸಿಕೊಳ್ಳಲು ಇರುವುದು ಅವನೊಬ್ಬನೇ, ಅದೂ ಎಷ್ಟು ದಿನವೋ. ಅವನು ಬದುಕಿದ್ದರೆ ಸಾಕೆ ಎಂದು ತನ್ನನ್ನೇ ಕೇಳಿಕೊಂಡಳು. ಸಾಕು ಎಂದು ಹೇಳಲು ನಾಲಗೆ ಏಳಲಿಲ್ಲ, ಸಾಲದು ಎನ್ನಲೂ ಏಳಲಿಲ್ಲ. ಬೇಕರಿಯಿಂದ ಬರುವಾಗ ಒಂದು ಹಿಡಿ ಈಸ್ಟನ್ನು ಕಾಗದದಲ್ಲಿ ಕಟ್ಟಿ ತಂದಳು. ಈ ಸಲ ಯಾರನ್ನೂ ಕೇಳಲಿಲ್ಲ.

ಗುಬ್ಬಿ ಒಂದು ವಾರದಿಂದ ಬೆಳಗ್ಗೆ ಹೋಗಿ ಸಂಜೆ ಬರುತ್ತಿದ್ದಳು. ಎಲ್ಲಿಗೆ ಎಂದರೆ "ಕೆಲಸ ಹುಡುಕೋಕೆ" ಎನ್ನುತ್ತಿದ್ದಳು. ಆ ಸಂಜೆ ಬಂದಾಗ ಮೈಮೇಲೆ ಸೂಪರ್ ಮಾರ್ಕೆಟ್ಟಿನವರ ಹಳದಿ ಅಂಗಿ ಇತ್ತು. ಎರಡೂ ಕೈಯಲ್ಲಿ ಭಾರದ ಚೀಲಗಳು. ಅವನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟು ಬೆರಳು ಉಜ್ಜಿಕೊಂಡಳು.

"ಒಂದು ವಾರದಿಂದ ಕೌಂಟರಿನಲ್ಲಿ ಕೂರಿಸಿದಾರಮ್ಮ. ಬಿಲ್ ಮಾಡೋದು."

ಅಕ್ಕ ಚೀಲ ಬಗ್ಗಿಸಿ ನೋಡಿದಳು. ಸೇಬಿನ ರಸ. ಎಲ್ಲವೂ ಸೇಬಿನ ರಸ.

"ಇದೇನೇ ಇದು?"

"ಅಜ್ಜಿ ಹೇಳಿದ್ರು." ಗುಬ್ಬಿ ಡಬ್ಬಿಗಳನ್ನು ಒಂದೊಂದಾಗಿ ತೆಗೆದು ಸಾಲಾಗಿ ಇಡತೊಡಗಿದಳು. ಒಂದು ವಾರದಲ್ಲೇ ಅವಳ ಕೈಗೆ ಆ ಕೆಲಸ ಹತ್ತಿಬಿಟ್ಟಿತ್ತು. "ಕೆಲಸದವರಿಗೆ ಕಮ್ಮಿ ಬೆಲೆಗೆ ಕೊಡ್ತಾರಮ್ಮ. ನಾನು ಅಲ್ಲಿರೋವರೆಗೂ ಕೊಡ್ತಾರೆ."

"ಎಷ್ಟು ದಿನ ಇರ್ತೀಯ ಅಲ್ಲಿ?"

ಗುಬ್ಬಿ ಕೊನೆಯ ಡಬ್ಬಿಯನ್ನು ಸಾಲಿಗೆ ಸೇರಿಸಿ ಅಮ್ಮನ ಮುಖ ನೋಡಿದಳು. ಅವಳ ಕಣ್ಣಲ್ಲಿ ಕೋಪ ಇರಲಿಲ್ಲ. ಇದ್ದಿದ್ದರೆ ಅಕ್ಕನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು.

"ಅಪ್ಪ ಇರೋವರೆಗೂ," ಎಂದಳು.

ಅಕ್ಕ ಕತ್ತರಿ ತೆಗೆದುಕೊಂಡು ಡಬ್ಬಿಗಳ ಮೂಲೆ ಕತ್ತರಿಸತೊಡಗಿದಳು.